ಮನೆ ಪುಟದಲ್ಲಿ ಸೆಕ್ಷನ್‌ಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಒಳಾಂಗಣ ವಿನ್ಯಾಸ ಕಲಿಯಬೇಕೆನ್ನುವ ಹೊಸಬರಿಗಾಗಿ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಈಚೆಗೆ ಒಂದು ಲೇಖನ ಪ್ರಕಟವಾಗಿತ್ತು. ಬಣ್ಣಗಳ ಹೊಂದಾಣಿಕೆ, ಬೆಳಕು, ಪರದೆ ಬಟ್ಟೆಗಳ ಆಯ್ಕೆ, ತ್ರೀಡಿ ಚಿತ್ರ ತಯಾರಿಸುವ ತಂತ್ರಾಂಶ, ಗ್ರಾಹಕರೊಡನೆ ಮಾತನಾಡುವ ಬಗೆ ಎಲ್ಲವೂ ಅದರಲ್ಲಿತ್ತು. ಸೆಕ್ಷನ್ (ಕೋಣೆಯನ್ನು ನೆಟ್ಟಗೆ ಸೀಳಿ ನೋಡಿದಂತಿರುವ ನಕ್ಷೆ) ಬಿಡಿಸುವುದನ್ನು ಕಲಿಯಬೇಕು ಎಂಬ ಒಂದೇ ಒಂದು ಸಾಲು ಇರಲಿಲ್ಲ. ಲೇಖಕರನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಬಿಟ್ಟುಹೋದ ಆ ವಿಷಯ ಎಷ್ಟು ದೊಡ್ಡದು ಎಂಬುದನ್ನು, ದಿನವೂ ಅದರೊಡನೆ ಕೆಲಸ ಮಾಡುವವಳಾಗಿ, ಓದುಗರ ಮುಂದಿಡಬೇಕು ಅನಿಸಿತು.

ನಾನು ಒಳಾಂಗಣ ವಿನ್ಯಾಸದ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವವಳು. ಬಡಗಿಗಳು, ಗಾರೆ ಕೆಲಸದವರು, ವಿದ್ಯುತ್ ಮತ್ತು ಕೊಳಾಯಿ ಕೆಲಸದವರು ಕೈಯಲ್ಲಿ ಹಿಡಿದು ಕೆಲಸ ಮಾಡುವ ಹಾಳೆಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ಕಾಲೇಜು ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಆರಂಭದ ತಿಂಗಳುಗಳಲ್ಲಿ ಕೆಲಸ ಹೇಳಿಕೊಡುವ ಹೊಣೆಯೂ ನನ್ನದೇ. ಅವರಲ್ಲಿ ಬಹುಪಾಲು ಜನ ಕಣ್ಣು ಕೋರೈಸುವ ತ್ರೀಡಿ ಚಿತ್ರಗಳನ್ನು ಮಾಡಬಲ್ಲರು. ಆದರೆ ಅದೇ ಕೋಣೆಯ ಸೆಕ್ಷನ್ ಕೇಳಿದರೆ ಒಂದು ಗೋಡೆಯನ್ನು ಎದುರಿನಿಂದ ನೋಡಿದಂತೆ ಬಿಡಿಸಿ, ಅದರ ಕೆಳಗೆ ‘ಸೆಕ್ಷನ್ ಎಎ’ ಎಂದು ಬರೆದು ತರುತ್ತಾರೆ. ಅದು ಎಲಿವೇಶನ್. ಅದರಲ್ಲಿ ಏನನ್ನೂ ಕತ್ತರಿಸಿಲ್ಲ. ನೆಲ ಎಷ್ಟು ದಪ್ಪ, ಸೀಲಿಂಗ್ ಹಲಗೆಯ ಮೇಲೆ ಏನಿದೆ, ಗೋಡೆ ತೊಲೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಈ ಕ್ಷೇತ್ರದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಕೋಣೆಯನ್ನು ಸೂರಿನಿಂದ ನೆಲದವರೆಗೆ ನೇರವಾಗಿ ಸೀಳಿ, ಎದುರಿನ ಅರ್ಧವನ್ನು ತೆಗೆದಿಟ್ಟು, ಉಳಿದ ಅರ್ಧವನ್ನು ನೋಡಿದರೆ ಏನು ಕಾಣುತ್ತದೋ ಅದರ ಚಿತ್ರವೇ ಸೆಕ್ಷನ್. ಇದೇನೋ ಹೊಸ ವಿದ್ಯೆ ಎಂದು ವಿದ್ಯಾರ್ಥಿಗಳು ಹೆದರುತ್ತಾರೆ. ನಿಜಕ್ಕೂ ಅವರು ಮೊದಲ ದಿನದಿಂದಲೂ ಸೆಕ್ಷನ್ ಬಿಡಿಸುತ್ತಲೇ ಇರುತ್ತಾರೆ. ಮನೆಯ ಪ್ಲಾನ್ ಅನ್ನುವುದು ನೆಲದಿಂದ ಸುಮಾರು 1,200 ಮಿ.ಮೀ. ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕತ್ತರಿಸಿ ಮೇಲಿನಿಂದ ನೋಡಿದ ಚಿತ್ರ. ಬಾಗಿಲು ಕಿಟಕಿಗಳು ಕತ್ತರಿಗೆ ಸಿಗಲಿ ಎಂದೇ ಆ ಎತ್ತರ. ಪ್ಲಾನ್‌ನಲ್ಲಿ ಗೋಡೆಗಳನ್ನು ದಪ್ಪ ಗೆರೆಯಲ್ಲಿ, ಮಂಚ ಮೇಜುಗಳನ್ನು ತೆಳು ಗೆರೆಯಲ್ಲಿ ಏಕೆ ಬಿಡಿಸುತ್ತೀರಿ ಎಂದು ಕೇಳಿದರೆ ಎಲ್ಲರೂ ಸರಿಯಾಗಿ ಉತ್ತರಿಸುತ್ತಾರೆ. ಆ ಅಡ್ಡ ಕತ್ತರಿಯನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿ ಎಂದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಕಷ್ಟವಿರುವುದು ಎಲ್ಲಿ ಕತ್ತರಿಸಬೇಕು ಎಂದು ನಿರ್ಧರಿಸುವುದರಲ್ಲಿ. ಕಾಲೇಜುಗಳಲ್ಲಿ ಇದನ್ನು ಹೇಳಿಕೊಡುವುದು ತೀರ ಕಡಿಮೆ. ಹಾಳೆಯ ನಡುವೆ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆದು, ಎರಡು ಸೆಕ್ಷನ್ ಬಿಡಿಸಿ ಅಂಕ ಪಡೆಯುವ ರೂಢಿ ಬೆಳೆದುಬಿಟ್ಟಿದೆ. ಆ ಗೆರೆ ಬರಿಯ ಗೋಡೆಯ ಪಕ್ಕದಲ್ಲಿ ಹಾದುಹೋದರೆ ಹಾಳೆ ತುಂಬುತ್ತದೆಯೇ ಹೊರತು ತಿಳಿಯುವುದು ಏನೂ ಇಲ್ಲ. ಕೋಣೆಯಲ್ಲಿ ಎತ್ತರಗಳು ಎಲ್ಲಿ ಬದಲಾಗುತ್ತವೆ, ಎರಡು ಬೇರೆ ಬೇರೆ ಕೆಲಸದವರ ವಸ್ತುಗಳು ಎಲ್ಲಿ ಸಂಧಿಸುತ್ತವೆ, ಯಾವ ಜಾಗದ ಬಗ್ಗೆ ನಮಗೇ ಅನುಮಾನವಿದೆ, ಅಲ್ಲಿ ಕತ್ತರಿಸಬೇಕು. ಕಿಟಕಿ, ಬಾಗಿಲು, ಮೆಟ್ಟಿಲು, ತೊಲೆ, ಇಳಿಸಿದ ಸೀಲಿಂಗ್, ತಗ್ಗಿಸಿದ ಬಚ್ಚಲ ನೆಲ ಇವು ಕತ್ತರಿಗೆ ಸಿಗಬೇಕು. ಒಂದೇ ನೇರ ಗೆರೆಯಲ್ಲಿ ಎಲ್ಲವೂ ಸಿಗದಿದ್ದರೆ ಗೆರೆಯನ್ನು ಮಧ್ಯದಲ್ಲಿ ಪಕ್ಕಕ್ಕೆ ಸರಿಸಿ ಮುಂದುವರಿಸುವ ಸ್ವಾತಂತ್ರ್ಯವೂ ಇದೆ. ಸರಿಸಿದ ಜಾಗವನ್ನು ಪ್ಲಾನ್‌ನಲ್ಲಿ ತೋರಿಸಿದರೆ ಸಾಕು. ಕಂಬವನ್ನು ಮಾತ್ರ ಉದ್ದಕ್ಕೆ ಸೀಳದಿರುವುದು ವಾಡಿಕೆ. ಕಂಬ ಕತ್ತರಿಗೆ ಸಿಕ್ಕಿದರೆ ಅದು ಗೋಡೆಯಂತೆ ಕಂಡು ನೋಡುವವರಿಗೆ ಗೊಂದಲವಾಗುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಬೇರೆಡೆ ತಯಾರಾಗಿದ್ದ ಮಲಗುವ ಕೋಣೆಯ ವಿನ್ಯಾಸವೊಂದನ್ನು ಕಾರ್ಯರೂಪಕ್ಕೆ ತರುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು. ಅದರ ತ್ರೀಡಿ ಚಿತ್ರ ಸೊಗಸಾಗಿತ್ತು. ಸೀಲಿಂಗ್ ಕೋಣೆಯುದ್ದಕ್ಕೂ ಒಂದೇ ಮಟ್ಟದಲ್ಲಿ, ನೆಲದಿಂದ 2,600 ಮಿ.ಮೀ. ಎತ್ತರದಲ್ಲಿತ್ತು. ಬಾಗಿಲ ಪಕ್ಕದ ಗೋಡೆಗೆ ಅಷ್ಟೇ ಎತ್ತರದ ಬಟ್ಟೆ ಕಪಾಟು. ಪ್ಲಾನ್‌ನಲ್ಲಿಯೂ ಎಲ್ಲ ಸರಿಯಾಗಿತ್ತು. ನಾನು ಬಾಗಿಲು ಮತ್ತು ಕಪಾಟಿನ ಬಳಿ ಕೋಣೆಯನ್ನು ಉದ್ದಕ್ಕೆ ಕತ್ತರಿಸಿ ಪೆನ್ಸಿಲ್‌ನಲ್ಲಿ ಒಂದು ಸೆಕ್ಷನ್ ಹಾಕಿದೆ. ಮೇಲಿನ ಕಾಂಕ್ರೀಟ್ ಚಪ್ಪಡಿಯ ಅಡಿಭಾಗ 3,000. ಬಾಗಿಲ ಬಳಿ ಅಡ್ಡ ಹಾದಿದ್ದ ತೊಲೆ ಅದಕ್ಕಿಂತ 300 ಕೆಳಗೆ, ಅಂದರೆ ಅದರ ಅಡಿಭಾಗ 2,700. ಹವಾನಿಯಂತ್ರಣದ ಕೊಳವೆ ಹೊರಗಿನ ಓಣಿಯಿಂದ (ಕಾರಿಡಾರಿನಿಂದ) ಬಂದು ಆ ತೊಲೆಯ ಅಡಿಯಲ್ಲೇ ಕೋಣೆಗೆ ದಾಟಬೇಕಿತ್ತು. ಮೇಲಿನ ಹೊದಿಕೆಯೂ ಸೇರಿ ಕೊಳವೆಯ ಎತ್ತರ 250. ಅಲ್ಲಿಗೆ 2,450. ಅದರ ಕೆಳಗೆ ಸೀಲಿಂಗ್‌ನ ಚೌಕಟ್ಟು, ಜಿಪ್ಸಮ್ ಹಲಗೆ ಸೇರಿ 50. ಉಳಿದದ್ದು 2,400. ಕಪಾಟಿನ ಬಾಗಿಲು ಸೀಲಿಂಗ್‌ನೊಳಗೆ 200 ಮಿ.ಮೀ. ನುಗ್ಗಿ ನಿಂತಿತ್ತು.

ಈ ಲೆಕ್ಕದಲ್ಲಿ ಕೂಡುವುದು ಕಳೆಯುವುದು ಬಿಟ್ಟರೆ ಬೇರೇನೂ ಇಲ್ಲ. ಆದರೂ ತ್ರೀಡಿ ಚಿತ್ರದಲ್ಲಿ ಅದು ಕಾಣಲಿಲ್ಲ. ಏಕೆಂದರೆ ಆ ಚಿತ್ರದಲ್ಲಿ ಸೀಲಿಂಗ್‌ನ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ. ಅದೇ ಸೆಕ್ಷನ್‌ನ ಮೇಲೆ ಕೈಯಾಡಿಸುತ್ತಿದ್ದಾಗ ಇನ್ನೊಂದು ಸಂಗತಿ ಹೊಳೆಯಿತು. ತೊಲೆ ಮತ್ತು ಕೊಳವೆ ಇರುವ ಬಾಗಿಲ ಬಳಿಯ ಪಟ್ಟಿಯನ್ನು ಮಾತ್ರ 2,400ಕ್ಕೆ ಇಳಿಸಿದರೆ ಸಾಕು, ಅಲ್ಲಿಂದಾಚೆ ಮಲಗುವ ಭಾಗವನ್ನು 2,800ರಲ್ಲಿ ಬಿಡಬಹುದು. ಕಪಾಟನ್ನು ಆ ಎತ್ತರದ ಭಾಗದ ಗೋಡೆಗೆ ಸರಿಸಿದೆವು. ಈಗ ಆ ಕೋಣೆಗೆ ತಗ್ಗಾದ ಜಾಗದಿಂದ ಹೊಕ್ಕು ಎತ್ತರದ ಜಾಗಕ್ಕೆ ತೆರೆದುಕೊಳ್ಳುತ್ತೀರಿ. ಮೊದಲಿನ ವಿನ್ಯಾಸಕ್ಕಿಂತ ಇದು ಚೆನ್ನಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಸೆಕ್ಷನ್ ಎಂದರೆ ತಪ್ಪು ಹುಡುಕುವ ಸಾಧನ ಎಂದಷ್ಟೇ ತಿಳಿದವರಿಗೆ ನಾನು ಈ ಕೋಣೆಯನ್ನು ತೋರಿಸುತ್ತೇನೆ. ಎತ್ತರವನ್ನು ವಿನ್ಯಾಸಗೊಳಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಮೆಟ್ಟಿಲ ಕೆಳಗಿನ ಜಾಗವೂ ಅಂಥದೇ. ಪ್ಲಾನ್‌ನಲ್ಲಿ ಅದು ಖಾಲಿ ಚೌಕ. ಓದುವ ಮೇಜು, ಪುಸ್ತಕದ ಕಪಾಟು, ಪುಟ್ಟ ಶೌಚಾಲಯ ಏನು ಬೇಕಾದರೂ ಇಡಬಹುದು ಎಂಬ ಭ್ರಮೆ ಹುಟ್ಟಿಸುತ್ತದೆ. ಮಹಡಿಯ ಎತ್ತರ 3,000 ಮಿ.ಮೀ., 18 ಏರುಗಳು ಎಂದಿಟ್ಟುಕೊಳ್ಳಿ. ಒಂದೊಂದು ಏರು ಸುಮಾರು 167, ಕಾಲಿಡುವ ಅಗಲ 280. ಏರಿನ ಎರಡು ಪಟ್ಟಿಗೆ ಅಗಲವನ್ನು ಕೂಡಿಸಿದರೆ 614. ಹತ್ತಲು ಹಿತವಾದ ಮೆಟ್ಟಿಲಿಗೆ ಈ ಮೊತ್ತ 600ರಿಂದ 630ರ ಆಸುಪಾಸಿನಲ್ಲಿರಬೇಕು ಎಂಬ ಹಳೆಯ ಸೂತ್ರಕ್ಕೆ ಇದು ಹೊಂದುತ್ತದೆ. ಕೊನೆಯ ಏರು ಮಹಡಿಯ ನೆಲಕ್ಕೇ ತಲುಪುವುದರಿಂದ ಕಾಲಿಡುವ ಹಲಗೆಗಳು ಹದಿನೇಳು, ಅವುಗಳ ಒಟ್ಟು ಉದ್ದ 4,760. ಮೆಟ್ಟಿಲನ್ನು ಹೊತ್ತ ಓರೆ ಚಪ್ಪಡಿಯ ದಪ್ಪ 150 ಇದ್ದರೆ, ಅಡಿಯಲ್ಲಿ ತಲೆ ತಾಗದಂತೆ ನಿಲ್ಲಲು ಬೇಕಾದ 2,000 ಮಿ.ಮೀ. ಎತ್ತರ ಸಿಗುವುದು ಮೊದಲ ಮೆಟ್ಟಿಲಿನಿಂದ ಸುಮಾರು 3,650 ದಾಟಿದ ಮೇಲೆ. ಅಂದರೆ ಅಷ್ಟುದ್ದದ ಜಾಗದಲ್ಲಿ ನೆಟ್ಟಗೆ ನಿಲ್ಲಬಹುದಾದದ್ದು ಕೊನೆಯ 1,100 ಮಿ.ಮೀ. ಮಾತ್ರ. ಇದನ್ನು ಬಾಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ. ಸ್ವತಃ ಬಿಡಿಸಿ, ಅದರೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿದಾಗ ನಂಬುತ್ತಾರೆ.

ಆ ಮನುಷ್ಯನನ್ನು ಬಿಡಿಸುವುದು ಅಲಂಕಾರಕ್ಕಲ್ಲ. ನನ್ನ ಬಳಿ ಬರುವ ಪ್ರತಿಯೊಬ್ಬರ ಸೆಕ್ಷನ್‌ನಲ್ಲೂ ಅಳತೆಗೆ ಸರಿಯಾದ ಒಂದಾದರೂ ಆಕೃತಿ ಇರಲೇಬೇಕೆಂದು ಹಟ ಹಿಡಿಯುತ್ತೇನೆ. ಕುಳಿತವರ ಕಣ್ಣು ನೆಲದಿಂದ ಸುಮಾರು 1,200, ನಿಂತವರದು 1,500ರಿಂದ 1,600. ಕಿಟಕಿಯ ಕೆಳ ಅಂಚು ಎಲ್ಲಿದ್ದರೆ ಕುಳಿತವರಿಗೆ ಹೊರಗಿನ ಮರ ಕಾಣುತ್ತದೆ, ಗೋಡೆಯ ದೀಪ ಎಲ್ಲಿದ್ದರೆ ಹಾಸಿಗೆಯಲ್ಲಿ ಒರಗಿದವರ ಕಣ್ಣಿಗೆ ಚುಚ್ಚುತ್ತದೆ, ಇವೆಲ್ಲ ಆ ಆಕೃತಿಯನ್ನು ಇಟ್ಟ ಕೂಡಲೇ ತಾವಾಗಿಯೇ ಪ್ರಶ್ನೆಗಳಾಗಿ ಏಳುತ್ತವೆ.

ಕಲಿಯುವ ಬಗೆಯ ಬಗ್ಗೆ ನನ್ನ ಅನುಭವದ ಮಾತು ಇಷ್ಟು. ಕಂಪ್ಯೂಟರ್ ಮುಚ್ಚಿಟ್ಟು, ಕುಳಿತಿರುವ ಕೋಣೆಯನ್ನೇ ಟೇಪು ಹಿಡಿದು ಅಳೆಯಿರಿ. ಎತ್ತರಗಳನ್ನು ಒಂದೊಂದಾಗಿ ಬರೆದುಕೊಳ್ಳಿ: ಕಿಟಕಿಯ ಕೆಳ ಅಂಚು, ಬಾಗಿಲ ತಲೆ, ತೊಲೆಯ ಅಡಿ, ಸೀಲಿಂಗ್, ಸ್ವಿಚ್ಚು, ಮೇಜು, ಕುರ್ಚಿಯ ಆಸನ. ಪ್ಲಾನ್ ಅನ್ನು ಮೇಜಿನ ಮೇಲೆ ಅಂಟಿಸಿ, ಕತ್ತರಿಸಿದ ಗೆರೆ ನಿಮ್ಮ ಎದೆಗೆ ಸಮಾನಾಂತರವಾಗಿ, ನೋಡುವ ದಿಕ್ಕು ನಿಮ್ಮಿಂದ ಆಚೆಗೆ ಇರುವಂತೆ ತಿರುಗಿಸಿ. ಪ್ಲಾನ್ ಮತ್ತು ನಿಮ್ಮ ನಡುವೆ ಟ್ರೇಸಿಂಗ್ ಕಾಗದ ಇಟ್ಟು, ಪ್ಲಾನ್‌ನಲ್ಲಿ ಗೆರೆ ಮುಟ್ಟಿದ ಒಂದೊಂದು ಬಿಂದುವಿನಿಂದಲೂ ನೇರ ಗೆರೆಗಳನ್ನು ಇಳಿಸಿ. ಅಗಲಗಳು ಪ್ಲಾನ್‌ನಿಂದ ಬಂದವು, ಎತ್ತರಗಳು ಟೇಪಿನಿಂದ ಬಂದವು. ಎರಡೂ ಸೇರುವ ಕಡೆ ಕೋಣೆ ಎದ್ದು ನಿಲ್ಲುತ್ತದೆ. ಅದನ್ನು ಮೊದಲ ಸಲ ನೋಡಿದ ವಿದ್ಯಾರ್ಥಿಯ ಮುಖ ಅರಳುವುದನ್ನು ಕಾಣುವುದು ನನ್ನ ಕೆಲಸದ ಅತ್ಯಂತ ಸಂತೋಷದ ಗಳಿಗೆ.

ಆಮೇಲೆ ಗೆರೆಗಳ ದಪ್ಪ. ಕತ್ತರಿಗೆ ಸಿಕ್ಕಿದ್ದೆಲ್ಲ ದಪ್ಪ, ಹಿಂದೆ ಕಾಣುವುದೆಲ್ಲ ತೆಳು. ಕೇಳಲು ಸುಲಭ, ಪಾಲಿಸಲು ಶಿಸ್ತು ಬೇಕು. ನಾನು ಇಂಕ್ ಪೆನ್ನುಗಳ ಕಾಲದಲ್ಲಿ ಕಲಿತವಳು. 0.18, 0.25, 0.35, 0.5, 0.7 ಮಿ.ಮೀ. ಎಂದು ಪೆನ್ನುಗಳ ಮೂತಿಗಳು ಒಂದಕ್ಕಿಂತ ಒಂದು ಸುಮಾರು 1.4 ಪಟ್ಟು ದಪ್ಪವಾಗುತ್ತ ಹೋಗುತ್ತವೆ. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿದಾಗ ಉದ್ದಗಲಗಳು ಹಿಗ್ಗುವುದೂ ಇಷ್ಟೇ ಪಟ್ಟು. ಹಾಗಾಗಿ ಹಿಗ್ಗಿಸಿದ ನಕ್ಷೆಯನ್ನು ತಿದ್ದಲು ಮುಂದಿನ ಪೆನ್ನು ಎತ್ತಿಕೊಂಡರೆ ಗೆರೆಗಳು ಹೊಂದಿಕೊಂಡುಬಿಡುತ್ತಿದ್ದವು. ಇಂದಿನ ತಂತ್ರಾಂಶಗಳಲ್ಲೂ ಇದೇ ಅಂಕಿಗಳು ಕುಳಿತಿವೆ, ಅವು ಎಲ್ಲಿಂದ ಬಂದವೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1:50ರ (ನಿಜದ ಅಳತೆಯ ಐವತ್ತರಲ್ಲಿ ಒಂದು ಪಾಲಿನ) ಸೆಕ್ಷನ್‌ನಲ್ಲಿ ಗೋಡೆ, ನೆಲ, ಚಪ್ಪಡಿಗಳ ಅಂಚಿಗೆ 0.5, ಎದುರು ಕಾಣುವ ಕಪಾಟು ಬಾಗಿಲುಗಳಿಗೆ 0.25, ಅವುಗಳ ಮೇಲಿನ ಟೈಲ್ ಗೆರೆ, ಮರದ ನಾರುಗಳಿಗೆ 0.18 ಬಳಸಿದರೆ ಹಾಳೆ ಓದಲು ಬರುತ್ತದೆ. ಎಲ್ಲವೂ ಒಂದೇ ದಪ್ಪದಲ್ಲಿದ್ದರೆ ಯಾವುದು ಹತ್ತಿರ ಯಾವುದು ದೂರ ಎಂದು ಬಡಗಿ ಊಹಿಸಬೇಕಾಗುತ್ತದೆ. ಊಹೆಯ ಮೇಲೆ ಯಾರೂ ಗರಗಸ ಇಡಬಾರದು.

ಹಿಂದೆ ಕಾಣುವುದನ್ನು ಬಿಟ್ಟುಬಿಡುವುದು ಇನ್ನೊಂದು ಸಾಮಾನ್ಯ ಕೊರತೆ. ಕತ್ತರಿಸಿದ ಗೋಡೆಗಳನ್ನು ಚೆನ್ನಾಗಿ ಕಪ್ಪು ಮಾಡಿ, ನಡುವಿನ ಜಾಗವನ್ನು ಬೆಳ್ಳಗೆ ಬಿಟ್ಟು ತರುತ್ತಾರೆ. ತೆರೆದ ಬಾಗಿಲಿನ ಆಚೆ ಇನ್ನೊಂದು ಕೋಣೆಯ ಗೋಡೆ ಇದೆಯಲ್ಲ, ಅದರ ಮೇಲೆ ಕಿಟಕಿ ಇದೆಯಲ್ಲ, ಅದೆಲ್ಲಿ ಎಂದು ಕೇಳಬೇಕಾಗುತ್ತದೆ.

ಮಟ್ಟಗಳ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲಿಸುವುದಿಲ್ಲ. ಎತ್ತರಗಳನ್ನೆಲ್ಲ ನೆಲಹಾಸು ಮುಗಿದ ಮಟ್ಟದಿಂದ ಕೊಡುತ್ತಿದ್ದೇವೆಯೋ ಬರಿಯ ಕಾಂಕ್ರೀಟ್ ಮಟ್ಟದಿಂದಲೋ ಎಂಬುದು ಪ್ರತಿ ಸೆಕ್ಷನ್‌ನಲ್ಲಿ ಬರೆದಿರಬೇಕು. ಗಾರೆ ಮತ್ತು ಟೈಲ್ ಸೇರಿ 60 ಮಿ.ಮೀ. ಏರುತ್ತದೆ ಎಂದುಕೊಳ್ಳೋಣ. ನೆಲ ಹಾಸುವ ಮೊದಲೇ ವಿದ್ಯುತ್ ಕೆಲಸದವರು ಕಾಂಕ್ರೀಟ್‌ನಿಂದ ಅಳೆದು ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದರೆ ಅದು 60 ಕೆಳಗೆ ಕುಳಿತುಬಿಡುತ್ತದೆ. ಅಡುಗೆ ಕಟ್ಟೆಯ ಹಿಂದಿನ ಗೋಡೆಯಲ್ಲಿ ಆ 60 ಸಾಕು, ಪ್ಲಗ್ ಪಾಯಿಂಟಿನ ಅರ್ಧ ಭಾಗ ಕಲ್ಲಿನ ಹಿಂದೆ ಹೂತುಹೋಗಲು.

ಅಡುಗೆಮನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕಿಟಕಿಯ ಕೆಳಗೆ ಸಿಂಕ್ ಇಡುವುದು ಎಲ್ಲರಿಗೂ ಇಷ್ಟ. ಕಟ್ಟೆ 850, ಕಿಟಕಿಯ ಕೆಳ ಅಂಚು 1,050, ಕಟ್ಟೆಯ ಮೇಲೆ ನಿಲ್ಲುವ ನಲ್ಲಿಯ ಎತ್ತರ 300. ನಲ್ಲಿಯ ತಲೆ 1,150ರಲ್ಲಿದೆ. ಕಿಟಕಿ ಒಳಕ್ಕೆ ತೆರೆಯುವಂಥದಾದರೆ ಅದರ ಬಾಗಿಲು ಬಂದು ನಲ್ಲಿಗೆ ಬಡಿಯುತ್ತದೆ. ಸಿಂಕಿನ ನಡುವೆ ಒಂದು ಸೆಕ್ಷನ್ ಬಿಡಿಸುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ತಂತ್ರಾಂಶದಲ್ಲಿ ಮಾದರಿ ಕಟ್ಟಿ ಒಂದು ಗುಂಡಿ ಒತ್ತಿದರೆ ಸೆಕ್ಷನ್ ತಾನಾಗಿಯೇ ಬರುವಾಗ ಕೈಯಲ್ಲಿ ಏಕೆ ಬಿಡಿಸಬೇಕು ಎಂದು ತರುಣರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನೂ ದಿನವೂ ತಂತ್ರಾಂಶವನ್ನೇ ಬಳಸುತ್ತೇನೆ, ಅದರ ವಿರೋಧಿಯಲ್ಲ. ಆದರೆ ಅದು ತೋರಿಸುವುದು ನಾವು ಕಟ್ಟಿದ್ದನ್ನು ಮಾತ್ರ. ಸೀಲಿಂಗನ್ನು ದಪ್ಪವಿಲ್ಲದ ಒಂದು ಹಾಳೆಯಂತೆ ಮಾಡಿದ್ದರೆ ಸೆಕ್ಷನ್‌ನಲ್ಲಿಯೂ ಅದು ಒಂದು ಗೆರೆಯಾಗಿ ಗಾಳಿಯಲ್ಲಿ ತೇಲುತ್ತದೆ. ಅದನ್ನು ಹಿಡಿದಿರುವ ಸಲಾಕೆಗಳು, ಚೌಕಟ್ಟು, ದೀಪದ ಹಿಂಬದಿಗೆ ಬೇಕಾದ ಎಡೆ ಇವು ಯಾವುವೂ ಇರುವುದಿಲ್ಲ. ಕೈಯಲ್ಲಿ ಬಿಡಿಸುವಾಗ ಎರಡು ಗೆರೆಗಳ ನಡುವೆ ಏನಿದೆ ಎಂದು ಪೆನ್ಸಿಲ್ ನಿಲ್ಲಿಸಿ ಯೋಚಿಸಲೇಬೇಕಾಗುತ್ತದೆ. ಆ ಅಭ್ಯಾಸ ಬಿದ್ದವರ ಕೈಗೆ ತಂತ್ರಾಂಶ ಕೊಟ್ಟರೆ ಅವರು ಅದರಲ್ಲಿಯೂ ಸರಿಯಾದ ಸೆಕ್ಷನ್ ತೆಗೆಯುತ್ತಾರೆ.

ದೊಡ್ಡ ಅಳತೆಯ ವಿವರ ಸೆಕ್ಷನ್‌ಗಳ ಬಗ್ಗೆ ಬರೆಯಲು ಹೊರಟರೆ ಪತ್ರ ಮುಗಿಯುವುದಿಲ್ಲ. 1:5ರಲ್ಲಿ ಒಂದು ಡ್ರಾಯರ್ ಬಿಡಿಸಿದರೆ ಸಾಕು, ಜಾರುವ ಚಾನೆಲ್‌ಗೆ ಎರಡೂ ಬದಿಯಲ್ಲಿ 13 ಮಿ.ಮೀ.ಗಳಷ್ಟು ಜಾಗ ಬಿಡಬೇಕು, ಆದ್ದರಿಂದ ಡ್ರಾಯರ್ ಪೆಟ್ಟಿಗೆ ಕಪಾಟಿನ ಒಳ ಅಗಲಕ್ಕಿಂತ 26 ಕಡಿಮೆ ಎಂಬ ಪಾಠ ಕಲಿತಂತಾಗುತ್ತದೆ. 18 ಮಿ.ಮೀ. ಪ್ಲೈವುಡ್‌ನ ಕತ್ತರಿಸಿದ ಅಂಚು ಹೊರಗೆ ಕಾಣದಂತೆ ಏನು ಮುಚ್ಚಬೇಕು ಎಂಬ ಪ್ರಶ್ನೆಯೂ ಅಲ್ಲೇ ಎದುರಾಗುತ್ತದೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1519ರ ಸುಮಾರಿಗೆ ಚಿತ್ರಕಾರ ರಾಫೆಲ್ ರೋಮ್‌ನ ಪುರಾತನ ಕಟ್ಟಡಗಳನ್ನು ಅಳೆದು ದಾಖಲಿಸುವ ಬಗ್ಗೆ ಹತ್ತನೇ ಲಿಯೋ ಪೋಪ್‌ಗೆ ಬರೆದ ಪತ್ರದಲ್ಲಿ ಕಟ್ಟಡಕ್ಕೆ ಮೂರು ಚಿತ್ರಗಳು ಬೇಕೆಂದು ಹೇಳಿದ್ದಾನೆ: ಪ್ಲಾನ್, ಹೊರಗೋಡೆ, ಒಳಗೋಡೆ. ಆ ಮೂರನೆಯದೇ ನಾವು ಇಂದು ಬಿಡಿಸುವ ಸೆಕ್ಷನ್. ಪ್ರಾಗ್ ನಗರದಲ್ಲಿ 1930ರಲ್ಲಿ ಮುಗಿದ, ಅಡಾಲ್ಫ್ ಲೂಸ್ ವಿನ್ಯಾಸದ ಮುಲ್ಲರ್ ಮನೆಯಲ್ಲಿ ಪಡಸಾಲೆ, ಊಟದ ಕೋಣೆ, ಓದುವ ಕೋಣೆಗಳು ಬೇರೆ ಬೇರೆ ಮಟ್ಟದಲ್ಲಿ, ಬೇರೆ ಬೇರೆ ಎತ್ತರದಲ್ಲಿ ಹೆಣೆದುಕೊಂಡಿವೆ. ಪ್ಲಾನ್ ಒಂದನ್ನೇ ನೋಡಿ ಆ ಮನೆಯನ್ನು ಅರ್ಥ ಮಾಡಿಕೊಳ್ಳುವುದು ಅಸಾಧ್ಯ. ಫ್ರಾನ್ಸಿನ ಮಾರ್ಸೇಯಲ್ಲಿ 1952ರಲ್ಲಿ ಪೂರ್ಣಗೊಂಡ, ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ವಸತಿ ಸಮುಚ್ಚಯದಲ್ಲಿ ಎರಡು ಹಂತಗಳ ಮನೆಗಳು ಒಂದರೊಳಗೊಂದು ಕೊಂಡಿಯಂತೆ ಸೇರಿ, ನಡುವಿನ ಓಣಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಅಪ್ಪಿಕೊಂಡಿವೆ. ಅದರ ಸೆಕ್ಷನ್ ನೋಡಿದವರಿಗೆ ಅದು ಕ್ಷಣದಲ್ಲಿ ತಿಳಿಯುತ್ತದೆ.

ಆದ್ದರಿಂದ ನನ್ನ ಕೋರಿಕೆ ಎರಡು. ಒಳಾಂಗಣ ವಿನ್ಯಾಸ ಕಲಿಸುವ ಅಧ್ಯಾಪಕರು ಮೊದಲ ವರ್ಷದಲ್ಲೇ, ತ್ರೀಡಿ ತಂತ್ರಾಂಶ ಕಲಿಸುವ ಮೊದಲು, ತರಗತಿಯ ಕೋಣೆಯನ್ನೇ ಅಳೆದು ಸೆಕ್ಷನ್ ಬಿಡಿಸುವ ಅಭ್ಯಾಸ ಮಾಡಿಸಲಿ. ಎಲ್ಲಿ ಕತ್ತರಿಸಿದೆ, ಏಕೆ ಅಲ್ಲೇ ಕತ್ತರಿಸಿದೆ ಎಂಬುದಕ್ಕೆ ವಿದ್ಯಾರ್ಥಿಯಿಂದ ಉತ್ತರ ಪಡೆದು, ಅದಕ್ಕೂ ಅಂಕ ಕೊಡಲಿ. ಎರಡನೆಯದು ನಿಮಗೆ. ನಿಮ್ಮ ಮನೆ ಪುಟದಲ್ಲಿ ಪ್ರತಿ ವಾರ ಒಂದು ಮನೆಯ ಬಣ್ಣದ ಛಾಯಾಚಿತ್ರಗಳ ಜೊತೆ ಪ್ಲಾನ್ ಕೂಡ ಅಚ್ಚಾಗುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಅಂಗುಲದ ಜಾಗ ಮಾಡಿ, ಆ ಮನೆಯ ಒಂದು ಸೆಕ್ಷನ್ ಅನ್ನೂ ಅಳತೆಗಳೊಡನೆ ಪ್ರಕಟಿಸಿ. ವಿನ್ಯಾಸಕಾರರನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಕೊಡಲು ಅವರ ಬಳಿ ಇಲ್ಲದಿದ್ದರೆ, ಛಾಯಾಚಿತ್ರಗಳನ್ನೂ ಪ್ಲಾನ್ ಅನ್ನೂ ಎತ್ತರಗಳನ್ನೂ ಕಳುಹಿಸಿ, ನಾನು ಬಿಡಿಸಿ ಕೊಡಲು ಸಿದ್ಧಳಿದ್ದೇನೆ. ಅದಕ್ಕೆ ಸಂಭಾವನೆ ಬೇಡ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳಾದ ನಕ್ಷೆಗಾರ್ತಿ